ಸಾಹಿತ್ಯ-ರಂಗಭೂಮಿ 2025: ಕನ್ನಡ ಕತೆಗಳಿಗೆ ಬೂಕರ್, ಗೂಗಿಗೆ ವಿದಾಯ

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಕನ್ನಡದ ಕತೆಗಳಿಗೆ ಬಂತು, ನೊಬೆಲ್ ಹಂಗೇರಿಯನ್ ಲೇಖಕರಿಗೆ ಹೋಯಿತು. ಕೊರಿಯನ್ ಭಾಷೆಯಲ್ಲಿ ಮೊದಲು ರಂಗಕ್ಕೆ ಬಂದ ನಾಟಕ ಬ್ರಾಡ್‌ವೇಯಲ್ಲಿ ಗೆದ್ದಿತು. ತಾಯ್ನುಡಿಯಲ್ಲೇ ಬರೆಯಬೇಕೆಂದು ಜೀವನವಿಡೀ ವಾದಿಸಿದ ಗೂಗಿ ವಾ ಥಿಯಾಂಗೊ ಅಗಲಿದ್ದೂ ಇದೇ ವರ್ಷ. ಪ್ರಮುಖ ಘಟನೆಗಳ ಹಿನ್ನೋಟ ಇಲ್ಲಿದೆ.

ಕನ್ನಡಕ್ಕೆ ಮೊದಲ ಬೂಕರ್

ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾಯಿತು. ಹಾಸನದ ವಕೀಲೆ ಬಾನು ಅವರು ಮುಸ್ಲಿಂ ಹೆಣ್ಣುಮಕ್ಕಳ ಬದುಕಿನ ಬಗ್ಗೆ 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ 12ನ್ನು ಮಡಿಕೇರಿಯ ದೀಪಾ ಭಾಸ್ತಿ ಆಯ್ದು ಇಂಗ್ಲಿಷಿಗೆ ತಂದಿದ್ದಾರೆ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಅಡಿಟಿಪ್ಪಣಿ ಇಲ್ಲದೆ ಹಾಗೆಯೇ ಉಳಿಸಿಕೊಂಡಿರುವುದು ಅನುವಾದದ ವಿಶೇಷ. ಕಥಾಸಂಕಲನವೊಂದಕ್ಕೆ ಈ ಪ್ರಶಸ್ತಿ ಇದೇ ಮೊದಲು. 50 ಸಾವಿರ ಪೌಂಡ್ ಬಹುಮಾನ ಲೇಖಕಿ ಮತ್ತು ಅನುವಾದಕಿಗೆ ಸಮಪಾಲಾಗಿ ಸಂದಿದೆ.

ಇತರ ಪ್ರಶಸ್ತಿಗಳು

- ನೊಬೆಲ್ (ಅಕ್ಟೋಬರ್ 9): ಹಂಗೇರಿಯ ಲಾಸ್ಲೋ ಕ್ರಾಸ್ನಹೊರ್ಕೈ. ಇವರು 2015ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಿದ್ದರು.
- ಬೂಕರ್ (ನವೆಂಬರ್ 10): ಡೇವಿಡ್ ಸಲಾಯ್ ಅವರ ‘ಫ್ಲೆಶ್’. ಕಿರಣ್ ದೇಸಾಯಿ ಅವರ ಕಾದಂಬರಿ ಅಂತಿಮ ಪಟ್ಟಿಯಲ್ಲಿತ್ತು.
- ಪುಲಿಟ್ಜರ್: ಪರ್ಸಿವಲ್ ಎವರೆಟ್ ಅವರ ‘ಜೇಮ್ಸ್’. ಮಾರ್ಕ್ ಟ್ವೈನ್‌ನ ಹಕಲ್‌ಬೆರಿ ಫಿನ್ ಕತೆಯನ್ನು ಗುಲಾಮ ಜಿಮ್ ಹೇಳುವ ಕಾದಂಬರಿ ಇದು.

ರಂಗಭೂಮಿ

ಜೂನ್ 8ರಂದು ನ್ಯೂಯಾರ್ಕ್‌ನಲ್ಲಿ ನಡೆದ ಟೋನಿ ಸಮಾರಂಭದಲ್ಲಿ ‘ಮೇಬಿ ಹ್ಯಾಪಿ ಎಂಡಿಂಗ್’ ಅತ್ಯುತ್ತಮ ಸಂಗೀತ ನಾಟಕ ಸೇರಿ ಆರು ಪ್ರಶಸ್ತಿ ಗಳಿಸಿತು. ಎರಡು ಹಳೆಯ ರೋಬೊಗಳ ಈ ಪ್ರೇಮಕತೆ 2016ರಲ್ಲಿ ಸೋಲ್‌ನಲ್ಲಿ ಮೊದಲು ಪ್ರದರ್ಶನಗೊಂಡಿತ್ತು. ಬ್ರಾಂಡನ್ ಜೇಕಬ್ಸ್-ಜೆಂಕಿನ್ಸ್ ಅವರ ‘ಪರ್ಪಸ್’ ನಾಟಕ ಟೋನಿ, ಪುಲಿಟ್ಜರ್ ಎರಡನ್ನೂ ಪಡೆಯಿತು.

ಅಗಲಿದವರು

- ಅಥೋಲ್ ಫ್ಯೂಗಾರ್ಡ್ (ಮಾರ್ಚ್ 8): ವರ್ಣಭೇದ ನೀತಿಯ ವಿರುದ್ಧ ನಾಟಕ ಬರೆದ ದಕ್ಷಿಣ ಆಫ್ರಿಕಾದ ನಾಟಕಕಾರ.
- ಮಾರಿಯೊ ವರ್ಗಾಸ್ ಯೋಸಾ (ಏಪ್ರಿಲ್ 13): ಪೆರುವಿನ ಕಾದಂಬರಿಕಾರ, 2010ರ ನೊಬೆಲ್ ಪುರಸ್ಕೃತ.
- ಗೂಗಿ ವಾ ಥಿಯಾಂಗೊ (ಮೇ 28): 1977ರಲ್ಲಿ ಕೀನ್ಯಾದ ಕಮಿರೀಥು ಊರಿನ ರೈತರು, ಕಾರ್ಮಿಕರೊಂದಿಗೆ ಗಿಕುಯು ಭಾಷೆಯ ನಾಟಕ ಆಡಿಸಿದ್ದಕ್ಕೆ ಸರ್ಕಾರ ಅವರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿತು. ಅಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಗಿಕುಯು ಕಾದಂಬರಿ ಬರೆದರು. ಮುಂದೆ ಕಾದಂಬರಿಗಳನ್ನು ಅದೇ ಭಾಷೆಯಲ್ಲಿ ಬರೆದರು.
- ಎಚ್.ಎಸ್. ವೆಂಕಟೇಶಮೂರ್ತಿ (ಮೇ 30): ಭಾವಗೀತೆ, ಮಕ್ಕಳ ನಾಟಕಗಳಿಂದ ಮನೆಮಾತಾದ ಕವಿ.
- ರತನ್ ಥಿಯಾಮ್ (ಜುಲೈ 23): ಇಂಫಾಲದಲ್ಲಿ 1976ರಲ್ಲಿ ಕೋರಸ್ ರೆಪರ್ಟರಿ ಥಿಯೇಟರ್ ಕಟ್ಟಿ ಮಣಿಪುರಿ ರಂಗಭೂಮಿಯನ್ನು ಜಗತ್ತಿಗೆ ಪರಿಚಯಿಸಿದ ನಿರ್ದೇಶಕ.
- ಎಸ್.ಎಲ್. ಭೈರಪ್ಪ (ಸೆಪ್ಟೆಂಬರ್ 24): ‘ವಂಶವೃಕ್ಷ’, ‘ಪರ್ವ’ ಕಾದಂಬರಿಗಳ ಕರ್ತೃ. ಗುಜರಾತ್, ದೆಹಲಿಯಲ್ಲಿ ಉದ್ಯೋಗದಲ್ಲಿದ್ದಾಗಲೂ ಕನ್ನಡದಲ್ಲೇ ಬರೆದರು. ಅನುವಾದಗಳ ಮೂಲಕ ಮರಾಠಿ, ಹಿಂದಿ ಓದುಗರಿಗೂ ಆಪ್ತರಾದರು.
- ಟಾಮ್ ಸ್ಟಾಪರ್ಡ್ (ನವೆಂಬರ್ 29): ಜೆಕ್ ಮೂಲದ ಬ್ರಿಟಿಷ್ ನಾಟಕಕಾರ.