ಅಂಗುಳ ಮುಚ್ಚಿದ ಮೇಲೆ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಯಲಹಂಕದಾಚೆಯ ದಂತ ವೈದ್ಯಕೀಯ ಕಾಲೇಜೊಂದಕ್ಕೆ ಹೋಗಿದ್ದೆವು. ಅವನಿಗೀಗ ಒಂಬತ್ತು ವರ್ಷ. ಹುಟ್ಟುವಾಗಲೇ ತುಟಿ, ಅಂಗುಳ ಎರಡೂ ಸೀಳಿದ್ದವು. ಮೂರು ತಿಂಗಳಿಗೆ ತುಟಿ, ವರ್ಷ ತುಂಬುವ ಹೊತ್ತಿಗೆ ಅಂಗುಳ ಹೊಲಿಸಿದ್ದಾಗಿತ್ತು. ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ವೈದ್ಯೆ ಅವನ ತಲೆಯ ಪಕ್ಕನೋಟದ ಎಕ್ಸ್‌ರೇ ತೋರಿಸಿ, ಮೇಲ್ದವಡೆ ಹಿಂದುಳಿದಿದೆ, ಕೆಳದವಡೆ ಮುಂದೆ ಬರುತ್ತಿದೆ ಎಂದರು.

"ಹಂಗಾದ್ರೆ ಆವಾಗ ಆಪರೇಷನ್ ಸರಿಯಾಗಿ ಮಾಡಿರ್ಲಿಲ್ವಾ ಡಾಕ್ಟ್ರೇ?" ಅಂದಳು ಅಕ್ಕ.

"ಸರಿಯಾಗೇ ಮಾಡಿದಾರೆ ಅಮ್ಮ. ಅಂಗುಳ ಮುಚ್ಚಿದ ಮಕ್ಕಳಲ್ಲಿ ಕೆಲವರಿಗೆ ಹೀಗಾಗುತ್ತೆ."

ನಾನು ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವವನು, ವೈದ್ಯನಲ್ಲ. ಆದರೆ ಸರಿಯಾಗಿ ಮಾಡಿದ ಕೆಲಸವೇ ಹೀಗೇಕೆ ಮಾಡುತ್ತದೆ, ಅದು ಜನರಿಗೆ ಗೊತ್ತಾದದ್ದು ಯಾವಾಗ ಎಂಬ ಪ್ರಶ್ನೆ ಹಿಡಿದು ತಿಂಗಳುಗಟ್ಟಲೆ ಓದಿದೆ. ಅಕ್ಕನಿಗೆ ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಂಗುಳವನ್ನು ಮುಚ್ಚುವುದು ಯಾಕೆ ಎಂಬುದು. ನಮ್ಮ ವರ್ಣಮಾಲೆಯನ್ನೇ ನೋಡಿ. ಕ ಖ ಗ ಘ ಹೇಳುವಾಗ ಅಂಗುಳದ ಹಿಂಭಾಗದ ಮೆತ್ತನೆಯ ಪರದೆ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಐದನೆಯ ಅಕ್ಷರ ಙ ಬಂದಾಗ ಆ ಬಾಗಿಲು ತೆರೆಯುತ್ತದೆ. ಪ ಫ ಬ ಭ ಆದ ಮೇಲೆ ಮ ಬರುವುದೂ ಹೀಗೆಯೇ. ಪ್ರತಿ ವರ್ಗದ ಕೊನೆಗೆ ಅನುನಾಸಿಕವನ್ನು ಇಟ್ಟವರಿಗೆ ಈ ಬಾಗಿಲಿನ ಕೆಲಸ ಚೆನ್ನಾಗಿ ತಿಳಿದಿತ್ತು. ಅಂಗುಳ ಸೀಳಿದ ಮಗುವಿಗೆ ಬಾಗಿಲೇ ಇಲ್ಲ. ಬಾಯಲ್ಲಿ ಕಟ್ಟಿಕೊಳ್ಳಬೇಕಾದ ಗಾಳಿ ಮೂಗಿನಿಂದ ಸೋರಿ, ಬ ಎಂದದ್ದು ಮ ಎಂದು ಕೇಳಿಸುತ್ತದೆ. ಮಗು ಅಪ್ಪ ಎಂದು ಕರೆದರೂ ಮನೆಯವರಿಗೆ ಅಮ್ಮ ಎಂದು ಕೇಳಿಸಬಹುದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಘಟಕವಿದೆ. ಮಾತು ಕಲಿಯುವ ವಯಸ್ಸು ದಾಟುವ ಮೊದಲೇ ಅಂಗುಳ ಮುಚ್ಚಬೇಕು ಎಂಬ ಆತುರಕ್ಕೆ ಕಾರಣ ಇದು.

ಮುಚ್ಚುವ ವಿಧಾನಕ್ಕೆ ಗಟ್ಟಿ ತಳಹದಿ ಹಾಕಿದವರು ಬರ್ಲಿನ್ನಿನ ಶಸ್ತ್ರವೈದ್ಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್, 1861ರಲ್ಲಿ. ಸೀಳಿನ ಎರಡೂ ಬದಿಯ ಚರ್ಮವನ್ನು ಮೂಳೆಗಂಟಿದ ಪೊರೆಯ ಸಮೇತ ಎಬ್ಬಿಸಿ, ನಡುವಿಗೆ ಎಳೆದು ಹೊಲಿದರು. ನಡುವೆ ಮುಚ್ಚಿತು, ಪಕ್ಕದಲ್ಲಿ ಮೂಳೆ ಬರಿದಾಗಿ ಉಳಿಯಿತು. ಮುಂದೆ ವೋ, ವಾರ್ಡಿಲ್, ಕಿಲ್ನರ್ ಮುಂತಾದವರು ಮಾತು ಇನ್ನೂ ಸ್ಪಷ್ಟವಾಗಲೆಂದು ಅಂಗುಳವನ್ನೇ ಹಿಂದಕ್ಕೆ ಸರಿಸುವ ವಿಧಾನಗಳನ್ನು ಬೆಳೆಸಿದರು. ಆಗ ಬರಿದಾಗುವ ಮೂಳೆ ಇನ್ನಷ್ಟು ಹೆಚ್ಚಿತು. ಅಲ್ಲಿ ಗಾಯ ಮಾಯುವಾಗ ಗಟ್ಟಿ ಕಲೆ ಕಟ್ಟುತ್ತದೆ. ಕಲೆಗೆ ಕುಗ್ಗುವುದು ಗೊತ್ತು, ಬೆಳೆಯುವುದು ಗೊತ್ತಿಲ್ಲ. ಮಗುವಿನ ಮೇಲ್ದವಡೆಯೋ ಮೂಳೆಗಳ ನಡುವಿನ ಸಂದುಗಳಲ್ಲಿ ದಿನದಿನವೂ ಹೊಸ ಮೂಳೆ ತುಂಬಿಕೊಂಡು ಕೆಳಕ್ಕೆ, ಮುಂದಕ್ಕೆ, ಅಗಲಕ್ಕೆ ಸರಿಯುತ್ತಿರುತ್ತದೆ. ಓಡುವ ಹುಡುಗನಿಗೆ ಬಿಗಿಯಾದ ಅಂಗಿ ಹಾಕಿದ ಹಾಗೆ.

ಇದನ್ನು ಅಳೆದು ತೋರಿಸಲು ತಲೆಯನ್ನು ಅಲುಗದಂತೆ ಹಿಡಿದು ತೆಗೆಯುವ ಎಕ್ಸ್‌ರೇ ಬೇಕಿತ್ತು. ಅದು ಬಂದದ್ದು 1931ರಲ್ಲಿ. ಅಮೆರಿಕದ ಥಾಮಸ್ ಗ್ರೇಬರ್ 1949ರಲ್ಲಿ ಶಸ್ತ್ರಚಿಕಿತ್ಸೆಯಾದ ಮಕ್ಕಳ ಮೇಲ್ದವಡೆ ಸೊರಗಿರುವುದನ್ನು ಅಳತೆಯಲ್ಲಿ ತೋರಿಸಿ, ಸ್ವಲ್ಪ ತಡೆಯಿರಿ ಎಂದರು. ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಶ್ವೆಕೆಂಡೀಕ್ ಎಂಬವರು ಅದಕ್ಕೂ ಮೊದಲೇ, 1944ರಲ್ಲಿ, ಹಿಂದಿನ ಮೆತ್ತನೆಯ ಅಂಗುಳವನ್ನು ಮಾತ್ರ ಬೇಗ ಹೊಲಿದು ಮುಂದಿನ ಗಟ್ಟಿ ಅಂಗುಳವನ್ನು ಹದಿವಯಸ್ಸಿನವರೆಗೆ ಹಾಗೇ ಬಿಡುವ ಪದ್ಧತಿ ಶುರುಮಾಡಿದ್ದರು. ತೂತಿಗೆ ಒಂದು ತಟ್ಟೆ ಇಟ್ಟರಾಯಿತು ಎಂಬ ಲೆಕ್ಕ. 1984ರಲ್ಲಿ ಬಾರ್ದಾಕ್ ಮತ್ತು ಸಂಗಡಿಗರು ಆ ರೋಗಿಗಳನ್ನು ಪರೀಕ್ಷಿಸಿದಾಗ ಮುಖ ಚೆನ್ನಾಗಿ ಬೆಳೆದಿತ್ತು, ಮಾತು ಕೆಟ್ಟಿತ್ತು.

ಆದರೂ ಒಂದು ಅನುಮಾನ ಉಳಿದೇ ಇತ್ತು. ದವಡೆ ಸೊರಗುವುದು ಕತ್ತಿಯಿಂದಲೋ, ಅಥವಾ ಸೀಳಿದ ದವಡೆಗೆ ಹುಟ್ಟಿನಿಂದಲೇ ಬೆಳೆಯುವ ಶಕ್ತಿ ಕಡಿಮೆಯೋ? ಉತ್ತರ ಬೇಕಾದರೆ ಚಿಕಿತ್ಸೆಯೇ ಆಗದೆ ದೊಡ್ಡವರಾದವರು ಬೇಕು. ಯುರೋಪಿನಲ್ಲಿ ಅಂಥವರು ಸಿಗುವುದು ಕಷ್ಟ. ಬಡತನದ ನಾಡುಗಳಲ್ಲಿ ಬೇಕಾದಷ್ಟು. ಮೆಕ್ಸಿಕೋದಲ್ಲಿ ಆರ್ಟಿಸ್ ಮೊನಾಸ್ಟೆರಿಯೊ ಇಂಥವರನ್ನು ನೋಡಿ ಬರೆದರು. 1980ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ಮೈಕೆಲ್ ಮಾರ್ಸ್ ಶ್ರೀಲಂಕಾಕ್ಕೆ ತಂಡ ಕಟ್ಟಿಕೊಂಡು ಬಂದರು. 1990ರಲ್ಲಿ ಮಾರ್ಸ್ ಮತ್ತು ಹ್ಯೂಸ್ಟನ್ ಪ್ರಕಟಿಸಿದ ಅಧ್ಯಯನದ ತಿರುಳು ಇಷ್ಟು: ಏನೂ ಮಾಡದೆ ಬಿಟ್ಟವರ ಮೇಲ್ದವಡೆ ಹೆಚ್ಚುಕಡಿಮೆ ಎಲ್ಲರಂತೆ ಮುಂದೆ ಬೆಳೆದಿತ್ತು. ತುಟಿ ಮಾತ್ರ ಹೊಲಿಸಿಕೊಂಡವರದ್ದೂ ಬಹಳ ಕೆಟ್ಟಿರಲಿಲ್ಲ. ಎಳವೆಯಲ್ಲೇ ಅಂಗುಳವನ್ನೂ ಹೊಲಿಸಿಕೊಂಡ ಹಲವರ ದವಡೆ ಹಿಂದುಳಿದಿತ್ತು. ಅದೇ ತಂಡದ ವಾಕ್‌ತಜ್ಞೆ ಡೆಬ್ಬಿ ಸೆಲ್ ನೋಡಿದ್ದು ಇದರ ಇನ್ನೊಂದು ಮುಖ. ದೊಡ್ಡವರಾದ ಮೇಲೆ ಅಂಗುಳ ಮುಚ್ಚಿಸಿಕೊಂಡವರಲ್ಲಿ ಹೆಚ್ಚಿನವರ ಮಾತು ತಿದ್ದಿಕೊಳ್ಳಲಿಲ್ಲ.

ಈ ಭಾಗ ಓದುವಾಗ ನನಗೆ ಸಂಕಟವಾಗುತ್ತದೆ. ಅಕ್ಕನ ಮಗನ ಎಕ್ಸ್‌ರೇಯನ್ನು ಅರ್ಥ ಮಾಡಿಕೊಳ್ಳಲು ವೈದ್ಯೆಗೆ ಸಾಧ್ಯವಾಗಿದ್ದು, ಪಕ್ಕದ ದ್ವೀಪದಲ್ಲಿ ಯಾರೂ ಮುಟ್ಟದೆ ಬಿಟ್ಟ ಜನರ ಮುಖಗಳಿಂದ. ಅವರಿಗೆ ಆಸ್ಪತ್ರೆ ಸಿಗದಿದ್ದದ್ದೇ ನಮ್ಮ ಜ್ಞಾನವಾಯಿತು. ಯೋಜನೆಯವರು ಆಮೇಲೆ ಅವರಿಗೆ ಚಿಕಿತ್ಸೆಯನ್ನೂ ಕೊಟ್ಟರು ಎಂಬುದು ನಿಜ. ಸಂಕಟ ಮಾತ್ರ ಅಷ್ಟಕ್ಕೆ ಹೋಗುವುದಿಲ್ಲ.

ಸೀಳು ಇಲ್ಲದ ಮಕ್ಕಳ ಮೇಲ್ದವಡೆಯೂ ಕಿರಿದಾಗುವುದುಂಟು. ಮೂಗಿನ ಹಿಂದಿನ ಅಡಿನಾಯ್ಡ್ ಊದಿ ಸದಾ ಬಾಯಲ್ಲಿ ಉಸಿರಾಡುವ, ವರ್ಷಗಟ್ಟಲೆ ಬೆರಳು ಚೀಪುವ ಮಕ್ಕಳಲ್ಲಿ ಇದನ್ನು 19ನೇ ಶತಮಾನದಲ್ಲೇ ಗುರುತಿಸಿದ್ದರು. ನಾಲಿಗೆ ಅಂಗುಳಕ್ಕೆ ತಾಗಿ ನಿಲ್ಲದೆ ಕೆಳಗೆ ಬಿದ್ದರೆ, ಕೆನ್ನೆಯ ಒತ್ತಡಕ್ಕೆ ಎದುರೊತ್ತು ಇಲ್ಲದೆ ದವಡೆ ಇಕ್ಕಟ್ಟಾಗುತ್ತದೆ ಎಂಬುದು ವಿವರಣೆ. ಮನೆತನದ ಮುಖಚಹರೆಯೂ ಇದರಲ್ಲಿ ಸೇರಿರುತ್ತದೆ, ಹಾಗಾಗಿ ಯಾವುದರ ಪಾಲು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ.

ಇಕ್ಕಟ್ಟಾದ ದವಡೆಯನ್ನು ಅಗಲಿಸುವ ಕಥೆ ಮಾತ್ರ ಸ್ವಾರಸ್ಯದ್ದು. 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಮರ್ಸನ್ ಏಂಜೆಲ್ ಹದಿನಾಲ್ಕರ ಹುಡುಗಿಯೊಬ್ಬಳ ಅಂಗುಳಕ್ಕೆ ತಿರುಪು ಕೂರಿಸಿ, ಕೀಲಿ ತಿರುಗಿಸಲು ಅವಳ ಕೈಗೇ ಕೊಟ್ಟ. ಎರಡು ವಾರದಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಟ್ಟಿತು. ಅಂಗುಳದ ನಡುಸಂದೇ ಬಿಚ್ಚಿಕೊಂಡಿದೆ ಎಂದು ಬರೆದ. ಅವನ ಲೇಖನ ಅಚ್ಚುಹಾಕಿದ ಪತ್ರಿಕೆಯ ಸಂಪಾದಕರೇ ನಂಬಲಿಲ್ಲ. ಸುಮಾರು ನೂರು ವರ್ಷದ ಮೇಲೆ, 1961ರಲ್ಲಿ, ಆಂಡ್ರ್ಯೂ ಹಾಸ್ ಇದನ್ನು ಮತ್ತೆ ಚಾಲ್ತಿಗೆ ತಂದರು. ಹದಿಹರೆಯ ಮುಗಿಯುತ್ತ ಆ ಸಂದು ಬೆಸೆದುಕೊಳ್ಳುತ್ತದೆ, ಆಮೇಲೆ ತಿರುಪಿನಿಂದ ಮಾತ್ರ ಆಗುವ ಕೆಲಸವಲ್ಲ.

ಅಕ್ಕನ ಮಗನಿಗೆ ವೈದ್ಯೆ ಹೇಳಿದ ಪಟ್ಟಿಯಲ್ಲಿ ಮೊದಲನೆಯದು ಇದೇ ತಿರುಪು. ಆಮೇಲೆ ಕೋರೆಹಲ್ಲು ಇಳಿಯುವ ಮೊದಲು ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಒಸಡಿನ ಸೀಳಿಗೆ ತುಂಬುವುದು. ಬಾಯ್ನ್ ಮತ್ತು ಸ್ಯಾಂಡ್ಸ್ 1972ರಲ್ಲಿ ವಿವರಿಸಿದ ಕ್ರಮ. ಜೊತೆಗೆ ಹಣೆ ಮತ್ತು ಗಲ್ಲಕ್ಕೆ ಆತುಕೊಳ್ಳುವ ಚೌಕಟ್ಟೊಂದನ್ನು ಮುಖಕ್ಕೆ ಹಾಕಿ, ರಬ್ಬರಿನಿಂದ ಮೇಲ್ದವಡೆಯನ್ನು ಮುಂದೆಳೆಯುವುದು. ಫ್ರಾನ್ಸಿನ ದೆಲೇರ್ ಇದನ್ನು ಜನಪ್ರಿಯಗೊಳಿಸಿದರು. ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ಹಾಕಬೇಕು. ಕಲೆ ಹಿಂದಕ್ಕೆ ಎಳೆಯುತ್ತದೆ, ರಬ್ಬರು ಮುಂದಕ್ಕೆ. ಯಾರು ಗೆಲ್ಲುತ್ತಾರೆ ಎಂದು ಖಚಿತವಾಗಿ ಹೇಳುವಂತಿಲ್ಲ. ಸೋತರೆ ಬೆಳವಣಿಗೆ ನಿಂತ ಮೇಲೆ ದವಡೆಯನ್ನೇ ಕತ್ತರಿಸಿ ಮುಂದೆ ಕೂರಿಸಬೇಕು. ಫ್ರೆಂಚ್ ವೈದ್ಯ ರೆನೆ ಲ ಫೋರ್ 1901ರಲ್ಲಿ ಶವಗಳ ಮುಖದ ಮೇಲೆ ಪ್ರಯೋಗ ಮಾಡಿ, ಪೆಟ್ಟಿಗೆ ಮೂಳೆ ಎಲ್ಲಿ ಬಿರುಕು ಬಿಡುತ್ತದೆಂದು ಗುರುತಿಸಿದ ಗೆರೆಯಲ್ಲೇ ಇಂದು ಅದನ್ನು ಕತ್ತರಿಸುತ್ತಾರೆ. ಧಾರವಾಡದ ಎಸ್‌ಡಿಎಂ, ಮಂಗಳೂರು ಬಳಿಯ ದೇರಳಕಟ್ಟೆಯ ನಿಟ್ಟೆ ಸಂಸ್ಥೆಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ.

ಅಂಗುಳವನ್ನು ಯಾವಾಗ ಮುಚ್ಚಬೇಕೆಂಬ ಚರ್ಚೆಯೂ ನಿಂತಿಲ್ಲ. 2023ರಲ್ಲಿ ಪ್ರಕಟವಾದ, 558 ಶಿಶುಗಳ ಅಧ್ಯಯನವೊಂದರಲ್ಲಿ ಆರು ತಿಂಗಳಿಗೆ ಹೊಲಿಸಿಕೊಂಡ ಮಕ್ಕಳಲ್ಲಿ ಶೇ. 8.9ರಷ್ಟು, ಹನ್ನೆರಡು ತಿಂಗಳಿಗೆ ಹೊಲಿಸಿಕೊಂಡವರಲ್ಲಿ ಶೇ. 15ರಷ್ಟು ಮಕ್ಕಳಿಗೆ ಐದನೇ ವಯಸ್ಸಿನಲ್ಲಿ ಮೂಗಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಇದು ಮಾತಿನ ಲೆಕ್ಕ. ದವಡೆಯ ಲೆಕ್ಕ ಪೂರ್ತಿ ತಿಳಿಯಲು ಆ ಮಕ್ಕಳ ಬೆಳವಣಿಗೆ ನಿಲ್ಲುವವರೆಗೆ ಕಾಯಬೇಕು.

ಅಂದು ಹೊರಗೆ ಬೆಂಚಿನ ಮೇಲೆ ಕೂತಾಗ ಅಕ್ಕ ಮೆಲ್ಲಗೆ ಹೇಳಿದ್ದು ಬೇರೆಯೇ. ಅವಳು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದಳಂತೆ. ಅತ್ತೆ ಅದನ್ನು ಒಂಬತ್ತು ವರ್ಷದಿಂದ ಆಡುತ್ತಿದ್ದಾರೆ. ತುಟಿ ಕೂಡುವುದು ಗರ್ಭದ ಏಳನೇ ವಾರದೊಳಗೆ, ಅಂಗುಳ ಹನ್ನೆರಡನೇ ವಾರದೊಳಗೆ. ಅವಳು ಹೇಳಿದ ಗ್ರಹಣ ಬಂದದ್ದು ಏಳನೇ ತಿಂಗಳಲ್ಲಿ. ಬೆರಳಲ್ಲಿ ಎಣಿಸಿ ತೋರಿಸಿದೆ. ಅವಳೂ ಒಮ್ಮೆ ಎಣಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಿಟಕಿ ಪಕ್ಕ ಕೂತಿದ್ದ ಹುಡುಗ "ಹೆಬ್ಬಾಳ" ಎಂದ. ಕಂಡಕ್ಟರ್ ಮತ್ತೆ ಕೇಳದೆ ಟಿಕೆಟ್ ಹರಿದರು.