ಜನರಲ್ ಸರ್ವಿಸ್ ಲಿಸ್ಟ್

ಇಂಗ್ಲಿಷನ್ನು ಹೊರಭಾಷೆಯಾಗಿ ಕಲಿಯುವವರಿಗೆಂದು ಆಯ್ದ ಸುಮಾರು 2,000 ಮೂಲಪದಗಳ ಪಟ್ಟಿ. ಸಂಪಾದಕ ಮೈಕೆಲ್ ವೆಸ್ಟ್ (1888–1973). 1953ರಲ್ಲಿ ಲಾಂಗ್‌ಮನ್ಸ್ ಪ್ರಕಟಿಸಿತು.

ಪಟ್ಟಿಯ ಬೇರು ಢಾಕಾದಲ್ಲಿದೆ. ಇಂಡಿಯನ್ ಎಜುಕೇಷನ್ ಸರ್ವಿಸ್‌ನಲ್ಲಿದ್ದ ವೆಸ್ಟ್, ಬಂಗಾಳದ ಎಷ್ಟೋ ಮಕ್ಕಳು ನಡುವೆಯೇ ಶಾಲೆ ಬಿಡುವುದನ್ನು ಕಂಡರು. ಅವಧಿಗೆ ಮುಂಚೆ ನಿಲ್ಲಿಸಿದ ವಿಮಾ ಪಾಲಿಸಿಗೂ ಒಂದಿಷ್ಟು ಹಣ ವಾಪಸು ಬರುತ್ತದೆ. ಹಾಗೆಯೇ ಅರ್ಧಕ್ಕೆ ಹೊರಟ ಮಗುವಿಗೂ ಕಲಿತಷ್ಟು ಇಂಗ್ಲಿಷಿನಿಂದ ಏನಾದರೂ ದಕ್ಕಬೇಕು ಎಂದು ವಾದಿಸಿದರು. ಇದು ಮಕ್ಕಳ ಪರವಾದ ವಾದ. ಭಾಷಾ ಬೋಧನೆಯಲ್ಲಿ ಇಂದಿಗೂ ಇದಕ್ಕೆ ಬೆಲೆಯಿದೆ. ಹಳೆಯ ರೀಡರುಗಳಲ್ಲಿ ಕಾವ್ಯಕ್ಕಷ್ಟೇ ಒಪ್ಪುವ ‘ಐಲ್’, ‘ಏರ್’ ಮುಂತಾದ ಪದಗಳು ತುಂಬಿದ್ದವು. ವೆಸ್ಟ್ ಅವುಗಳ ಜಾಗಕ್ಕೆ ‘ಐಲ್ಯಾಂಡ್’, ‘ಬಿಫೋರ್’ ತಂದರು. ಹೊಸ ಪದಗಳನ್ನು ದೂರ ದೂರಕ್ಕೆ ಇಟ್ಟು, ಬಂದ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುವಂತೆ ಪಾಠ ಹೆಣೆದರು. 1935ರ ಅವರ ನಿಘಂಟು 1,490 ಪದಗಳಲ್ಲೇ ಉಳಿದೆಲ್ಲ ಪದಗಳ ಅರ್ಥ ಬಿಡಿಸಿತು.

ಕಾರ್ನೆಗಿ ಸಂಸ್ಥೆಯ ನೆರವಿನಿಂದ 1934ರಲ್ಲಿ ನ್ಯೂಯಾರ್ಕಿನಲ್ಲಿ ಪದಗಳ ಆಯ್ಕೆಯ ಬಗ್ಗೆ ಸೇರಿದ ತಜ್ಞರ ಸಭೆಯ ಫಲವಾಗಿ 1936ರಲ್ಲಿ ಮಧ್ಯಂತರ ವರದಿ ಬಂತು. ಅದನ್ನು ಪರಿಷ್ಕರಿಸಿದ್ದೇ 1953ರ ಪಟ್ಟಿ. ಪದವೊಂದು ಎಷ್ಟು ಸಲ ಬರುತ್ತದೆ ಎಂಬುದರ ಜೊತೆಗೆ, ಅದರ ಯಾವ ಅರ್ಥ ಶೇಕಡಾ ಎಷ್ಟು ಬಳಕೆಯಲ್ಲಿದೆ ಎಂಬುದನ್ನೂ ಇದು ತೋರಿಸುತ್ತದೆ. ಯಾವ ಅರ್ಥವನ್ನು ಮೊದಲು ಕಲಿಸಬೇಕೆಂದು ಮೇಷ್ಟ್ರಿಗೆ ಇದರಿಂದ ಗೊತ್ತಾಗುತ್ತದೆ. ಪಟ್ಟಿಯ ನಿಜವಾದ ಹಿರಿಮೆ ಇದೇ.

ಆದರೆ ಇಂಗ್ಲಿಷ್ ಕಾಗುಣಿತದ ತೊಡಕಿಗೆ ಈ ಪಟ್ಟಿಯಲ್ಲಿ ಪರಿಹಾರವಿಲ್ಲ. ನುಡಿಗಟ್ಟಿನ ತೊಡಕು ಇನ್ನೂ ಆಳದ್ದು. ‘ಪುಟ್’, ‘ಅಪ್’, ‘ವಿತ್’ ಮೂರೂ ಗೊತ್ತಿದ್ದ ಮಾತ್ರಕ್ಕೆ ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು ಎಂದು ಹೊಳೆಯುವುದಿಲ್ಲ. ‘ಕೈ’ಯನ್ನೂ ‘ಕೊಡು’ವನ್ನೂ ಬಲ್ಲ ಹೊರಗಿನವರಿಗೆ ‘ಗೆಳೆಯ ಕೈಕೊಟ್ಟ’ ಎಂಬ ಮಾತು ನೆರವಿನಂತೆ ಕೇಳಿಸುವುದೂ ಹೀಗೆಯೇ. ಆದ್ದರಿಂದ ಇಂಥವನ್ನು ಬಿಡಿಸದೆ, ವಾಕ್ಯದೊಳಗೆ ಇಡಿಯಾಗಿಯೇ ಕಲಿಸುವುದು ಒಳ್ಳೆಯದು.

‘ಟೆಲಿವಿಷನ್’, ‘ಕಂಪ್ಯೂಟರ್’ ಪಟ್ಟಿಯಲ್ಲಿಲ್ಲ. ಅದರ ಎಣಿಕೆಗಳು ಅಷ್ಟು ಹಳೆಯವು. ಆದರೂ ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ವಿಶ್ವವಿದ್ಯಾಲಯದ ಓದಿಗೆ 570 ಪದಕುಟುಂಬಗಳನ್ನು ಆರಿಸಿದಾಗ, ವೆಸ್ಟ್ ಪಟ್ಟಿಯ ಪದಗಳು ವಿದ್ಯಾರ್ಥಿಗೆ ಮೊದಲೇ ಗೊತ್ತಿವೆ ಎಂದಿಟ್ಟುಕೊಂಡು ಅವನ್ನು ಹೊರಗಿಟ್ಟರು. 2013ರಲ್ಲಿ ಹೊಸ ಪಠ್ಯಸಂಗ್ರಹಗಳನ್ನು ಆಧರಿಸಿ ಇದೇ ಹೆಸರಿಗೆ ‘ನ್ಯೂ’ ಎಂದು ಸೇರಿಸಿಕೊಂಡ ಪಟ್ಟಿಗಳು ಬಂದವು.