ಮಾತುಕತೆಯಾಗಿದ್ದ ಪದಗಳು

ಭಾನುವಾರದ ಬಲಿಪೂಜೆಯಲ್ಲಿ ಗುರುಗಳು ನೀಡುವ ಪ್ರಬೋಧನೆಯನ್ನು ‘ಹೋಮಿಲಿ’ ಎನ್ನುವುದನ್ನು ನೀವು ಕೇಳಿದ್ದೀರಿ. ಒಬ್ಬರು ನುಡಿಯುವುದು, ಉಳಿದವರು ಮೌನವಾಗಿ ಆಲಿಸುವುದು. ಇದೇ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ. ಆದರೆ ಪದದ ಹುಟ್ಟು ಬೇರೆಯೇ ಕಥೆಯನ್ನು ಹೇಳುತ್ತದೆ. ಗ್ರೀಕ್ ಭಾಷೆಯಲ್ಲಿ ‘ಹೋಮಿಲೊಸ್’ ಎಂದರೆ ನೆರೆದ ಜನ. ‘ಹೋಮಿಲಿಯ’ ಎಂದರೆ ಒಡನಾಟ, ಪರಸ್ಪರ ಮಾತುಕತೆ. ಎಮ್ಮಾವುಸಿನ ದಾರಿಯಲ್ಲಿ ಇಬ್ಬರು ಶಿಷ್ಯರ ನಡುವೆ ನಡೆದ ಮಾತನ್ನು ಸಂತ ಲೂಕನು ಬಣ್ಣಿಸುವುದು ಇದೇ ಮೂಲದ ಕ್ರಿಯಾಪದದಿಂದ. ಅಲ್ಲಿ ಪೀಠವಿಲ್ಲ, ಸಭೆಯಿಲ್ಲ; ದುಃಖತಪ್ತರಾದ ಇಬ್ಬರು ದಾರಿಹೋಕರಷ್ಟೇ.

‘ಡಯಲಾಗ್’ ಎಂಬುದನ್ನು ಇಬ್ಬರ ಮಾತು ಎಂದು ಅರ್ಥೈಸುವವರು ಬಹಳ. ಗ್ರೀಕಿನ ‘ದಿಯಾ’ ಎರಡನ್ನು ಸೂಚಿಸುವುದಿಲ್ಲ. ‘ಮೂಲಕ, ಹಾದು’ ಎಂಬುದು ಅದರ ಅರ್ಥ. ‘ಲೋಗೊಸ್’ ಎಂದರೆ ಮಾತು, ವಿವೇಕ. ಅಥೆನ್ಸಿನ ಪೇಟೆಯಲ್ಲಿ ಪೌಲನು ಜನರೊಡನೆ ನಡೆಸಿದ ಚರ್ಚೆಗೂ, ತ್ರೋವದಲ್ಲಿ ಮಧ್ಯರಾತ್ರಿಯವರೆಗೆ ಆಡಿದ ಮಾತಿಗೂ ಇದೇ ಬೇರಿನ ಕ್ರಿಯಾಪದವಿದೆ. (ಆ ರಾತ್ರಿ ಯೂತಿಕನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದನು. ಪ್ರಬೋಧಕರಾದ ನಾವು ಮರೆಯಬಾರದ ಘಟನೆ!)

ಲ್ಯಾಟಿನ್ನಿನ ‘ಸೆರ್ಮೊ’ದ ಪಾಡೂ ಹೀಗೆಯೇ. ಇಂದಿನ ‘ಸರ್ಮನ್’ ಅದರಿಂದಲೇ ಬಂದುದು. ಮೂಲಾರ್ಥ ಮಾತ್ರ ಸಂಭಾಷಣೆ. ಯೊವಾನ್ನನ ಶುಭಸಂದೇಶದ ಮೊದಲ ವಾಕ್ಯದಲ್ಲಿ ಬರುವ ‘ಲೋಗೊಸ್’ಗೆ ಸಂತ ಜೆರೋಮರ ವುಲ್ಗಾತಾ ಬೈಬಲು ‘ವೆರ್ಬುಮ್’ ಎಂಬ ಪದವನ್ನು ನೀಡಿತ್ತು. 1519ರ ತಮ್ಮ ಎರಡನೆಯ ಆವೃತ್ತಿಯಲ್ಲಿ ಎರಾಸ್ಮಸರು ಅಲ್ಲಿ ‘ಸೆರ್ಮೊ’ ಎಂದು ಬರೆದರು. ‘ವೆರ್ಬುಮ್’ ಒಂದು ಬಿಡಿ ಪದ, ‘ಸೆರ್ಮೊ’ ಪೂರ್ಣ ಮಾತು ಎಂಬುದು ಅವರ ವಾದ. ಪ್ರತಿಭಟನೆ ಎಷ್ಟೆದ್ದಿತೆಂದರೆ 1520ರಲ್ಲಿ ಅವರು ಸಮರ್ಥನೆಯನ್ನೇ ಬರೆಯಬೇಕಾಯಿತು. ಮೂರನೆಯ ಶತಮಾನದ ತೆರ್ತುಲಿಯನ್ ಮತ್ತು ಸಂತ ಸಿಪ್ರಿಯನ್ನರು ಇದೇ ಪದವನ್ನು ಬಳಸಿದ್ದರು ಎಂಬುದು ಪ್ರತಿಭಟಿಸಿದವರನ್ನು ತಣಿಸಲಿಲ್ಲ. ಪರಿಚಿತ ಪದವೊಂದನ್ನು ಕಳೆದುಕೊಳ್ಳುವುದು ಭಕ್ತರಿಗೆ ಸುಲಭವಲ್ಲ. ಅವರನ್ನು ನಾನು ಹೀಯಾಳಿಸಲಾರೆ.

1964ರ ಆಗಸ್ಟ್ 6ರಂದು ಪೋಪ್ ಆರನೆಯ ಪೌಲರು ಹೊರಡಿಸಿದ ‘ಎಕ್ಲೇಸಿಯಂ ಸುವಂ’ ವಿಶ್ವಪತ್ರವು ಧರ್ಮಸಭೆ ಲೋಕದೊಡನೆ ನಡೆಸಬೇಕಾದ ಸಂವಾದವನ್ನು ವಿಸ್ತಾರವಾಗಿ ಚರ್ಚಿಸಿತು. ಅದರ ಲ್ಯಾಟಿನ್ ಪಾಠದಲ್ಲಿರುವ ಪದ ‘ಕೊಲೊಕ್ವಿಯುಮ್’: ಕೂಡಿ ಆಡುವ ಮಾತು. ಅನ್ಯಧರ್ಮಗಳ ಕುರಿತಾದ 1965ರ ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿಯೂ ಅದೇ. ನಮ್ಮ ‘ಸಂವಾದ’ ಇದಕ್ಕೆ ಅಚ್ಚರಿಯ ಪ್ರತಿಬಿಂಬ: ‘ಸಂ’ ಎಂದರೆ ಕೂಡಿ, ‘ವದ್’ ಎಂದರೆ ನುಡಿ.

ಆದರೆ ‘ಸಂವಾದ’ಕ್ಕೆ ಸಂಸ್ಕೃತದಲ್ಲಿ ಹೊಂದಿಕೆ ಎಂಬ ಅರ್ಥವೂ ಉಂಟು. ಅನ್ಯಧರ್ಮೀಯರೊಡನೆ ಸಂವಾದವೆಂದೊಡನೆ ನಮ್ಮ ವಿಶ್ವಾಸವನ್ನೇ ಸಡಿಲಿಸಬೇಕೇ ಎಂದು ನಿಮ್ಮಲ್ಲಿ ಕೆಲವರು ಅಂಜುವುದುಂಟು. ಸಂಗೀತ ಬಲ್ಲವರನ್ನು ಕೇಳಿ ನೋಡಿ. ಭರತನ ನಾಟ್ಯಶಾಸ್ತ್ರದ ಪ್ರಕಾರ 9 ಅಥವಾ 13 ಶ್ರುತಿಗಳ ಅಂತರವಿರುವ ಸ್ವರಗಳು ಪರಸ್ಪರ ಸಂವಾದಿಗಳು. ಅಂತರವಿದೆಯೆಂದೇ ಅವು ಸಂವಾದಿಗಳು. ಷಡ್ಜವು ಪಂಚಮದೊಡನೆ ಇಂಪಾಗಿ ಕೂಡಲು ತನ್ನ ಸ್ಥಾನವನ್ನು ಬಿಡಬೇಕಿಲ್ಲ.

ಮಾತಿನ ಬಗೆಗಳನ್ನು ನ್ಯಾಯಸೂತ್ರಗಳು ಮೂರಾಗಿ ವಿಂಗಡಿಸಿವೆ. ಸತ್ಯವನ್ನು ಅರಸುವುದು ವಾದ. ಗೆಲ್ಲಲೆಂದೇ ಆಡುವುದು ಜಲ್ಪ. ತನ್ನದೇ ಪಕ್ಷವಿಲ್ಲದೆ ಎದುರಾಳಿಯನ್ನು ಖಂಡಿಸುವುದಷ್ಟೇ ವಿತಂಡ. ಮೂರನೆಯದು ಕನ್ನಡದ ಮನೆಮನೆಯಲ್ಲೂ ಬದುಕಿದೆ. ಎರಡನೆಯದರ ಹೆಸರು ಬಳಕೆ ತಪ್ಪಿ, ಅದರ ದೋಷವನ್ನೆಲ್ಲ ಮೊದಲನೆಯದು ಹೊತ್ತಿದೆ. ‘ವಾದ ಮಾಡಬೇಡ’ ಎಂದು ಮಕ್ಕಳನ್ನು ಗದರಿಸುವಾಗ ನಾವು ಹೇಳಬಯಸುವುದು ಬಹುಶಃ ‘ಜಲ್ಪ ಬೇಡ’ ಎಂದೇ.